ಟೆಂಡರ್ ಮುಗಿದ ಮೇಲಿನ ತಕರಾರು

ಆನ್‌ಲೈನ್ ಹರಾಜು ಎಂದರೆ ಬೆಂಗಳೂರಿನ ಓದುಗರಿಗೆ ಹಳೆಯ ನಾಣ್ಯ, ಕೈಗಡಿಯಾರ, ಬಳಸಿದ ಕ್ಯಾಮೆರಾ ನೆನಪಾದೀತು. ಯಾದಗಿರಿ, ಶಹಾಪುರ, ಸುರಪುರದ ರೈತರಿಗೆ ಅದು ತೊಗರಿ, ಹೆಸರು, ಹತ್ತಿ, ಶೇಂಗಾ. 2014ರಲ್ಲಿ ರಾಜ್ಯ ಸರ್ಕಾರ ಎನ್‌ಸಿಡಿಇಎಕ್ಸ್ ಎಂಬ ಸರಕು ವಿನಿಮಯ ಕೇಂದ್ರದ ಬಳಗದ ಜೊತೆ ಸೇರಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ ಕಟ್ಟಿತು. ಏಕೀಕೃತ ಮಾರುಕಟ್ಟೆ ವೇದಿಕೆ ಎಂಬ ಹೆಸರಿನಲ್ಲಿ ರಾಜ್ಯದ ಎಪಿಎಂಸಿಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಜೋಡಿಸಿತು. ಕೇಂದ್ರದ ಇ-ನಾಮ್ ಶುರುವಾದದ್ದು ಅದಾದ ಮೇಲೆ, 2016ರ ಏಪ್ರಿಲ್ 14ರಂದು. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕಿಂತ ಮುಂದಿತ್ತು.

ಈಗಿನ ಕ್ರಮ ಹೀಗಿದೆ. ಗೇಟಿನಲ್ಲಿ ಮಾಲು ದಾಖಲಾಗಿ ಲಾಟ್ ನಂಬರ್ ಸಿಗುತ್ತದೆ. ದಲಾಲರ ಅಡತ್ ಅಂಗಡಿ ಮುಂದೆ ಚೀಲ ಇಳಿಯುತ್ತವೆ, ಇಲ್ಲವೇ ರಾಶಿ ಬೀಳುತ್ತದೆ. ವ್ಯಾಪಾರಿಗಳು ಕೈಯಲ್ಲಿ ಹಿಡಿದು ನೋಡಿಕೊಂಡು ಹೋಗಿ ತಮ್ಮ ಧಾರಣೆ ನಮೂದಿಸುತ್ತಾರೆ. ಒಬ್ಬರು ಬರೆದ ಬೆಲೆ ಇನ್ನೊಬ್ಬರಿಗೆ ಕಾಣುವುದಿಲ್ಲ. ಇದಕ್ಕೇ ಟೆಂಡರ್ ಎನ್ನುತ್ತಾರೆ. ಹೊತ್ತು ಮುಗಿದಾಗ ಯಾರದು ಹೆಚ್ಚೋ ಅವರ ಹೆಸರಿಗೆ ಲಾಟ್ ಬೀಳುತ್ತದೆ, ರೈತರ ಮೊಬೈಲಿಗೆ ಸಂದೇಶ ಹೋಗುತ್ತದೆ. ಆ ಧಾರಣೆ ಒಪ್ಪಬೇಕೋ ಬಿಡಬೇಕೋ ಎಂಬ ಹಕ್ಕು ರೈತರದೇ.

ಜಗಳ ಹುಟ್ಟುವುದು ಇದೆಲ್ಲ ಆದ ಮೇಲೆ, ತೂಕದ ಕಾಟಾದ ಹತ್ತಿರ. ಖರೀದಿದಾರರ ಮನುಷ್ಯ ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಾನೆ. "ಮ್ಯಾಲಿನ ಮಾಲೇ ಬ್ಯಾರೆ, ತಳದ್ದೇ ಬ್ಯಾರೆ ಅದರೀ" ಎನ್ನುತ್ತಾನೆ. "ಹಸಿ ಅದ, ಕ್ವಿಂಟಲ್ಲಿಗೆ ಎರಡು ಕಿಲೋ ಬಿಡ್ರಿ" ಎನ್ನುತ್ತಾನೆ. ಹಮಾಲರು ಚೀಲ ಹಿಡಿದು ನಿಂತಿರುತ್ತಾರೆ, ಬಾಡಿಗೆ ಗಾಡಿಯವನಿಗೆ ಊರಿಗೆ ಹೊರಡುವ ಅವಸರ, ಸಂಜೆಯಾಗುತ್ತ ಬಂದಿರುತ್ತದೆ. ರೈತ ಒಂದು ಕಿಲೋಕ್ಕೆ ಒಪ್ಪಿಸುತ್ತಾನೆ. ಟೆಂಡರಿನಲ್ಲಿ ಬಂದ ಧಾರಣೆ ಕಂಪ್ಯೂಟರಿನಲ್ಲಿ ಹಾಗೇ ಉಳಿಯುತ್ತದೆ. ರೈತನಿಗೆ ಸಿಕ್ಕದ್ದು ಮಾತ್ರ ಕಡಿಮೆ.

ಬೇರೆ ಕಡೆಯ ಆನ್‌ಲೈನ್ ಮಾರಾಟಗಾರ ಹಣ ಪಡೆದ ಮೇಲೆ ತಕರಾರು ಬಂದರೆ ವಾಪಸ್ ಕೊಡುತ್ತಾನೆ. ನಮ್ಮ ರೈತ ಹಣ ಕೈಗೆ ಬರುವ ಮೊದಲೇ ಅದರ ಒಂದು ಪಾಲು ವಾಪಸ್ ಕೊಟ್ಟಿರುತ್ತಾನೆ. ಅದಕ್ಕೆ ರಸೀದಿ ಇಲ್ಲ, ದಾಖಲೆ ಇಲ್ಲ. 2025-26ರ ಬೆಂಬಲ ಬೆಲೆಯನ್ನೇ ಹಿಡಿದರೂ ತೊಗರಿ ಕ್ವಿಂಟಲ್ಲಿಗೆ 8,000 ರೂಪಾಯಿ, ಅಂದರೆ ಕಿಲೋಕ್ಕೆ 80. 20 ಕ್ವಿಂಟಲ್ ತಂದವರು ಕ್ವಿಂಟಲ್ಲಿಗೆ ಒಂದು ಕಿಲೋ ಬಿಟ್ಟರೆ 1,600 ರೂಪಾಯಿ ಹೋಯಿತು, ಎರಡು ಕಿಲೋ ಬಿಟ್ಟರೆ 3,200. ರಾಶಿ ಮಷಿನ್ನಿನ ಬಾಡಿಗೆಗೋ ಗೊಬ್ಬರದ ಬಾಕಿಗೋ ಎತ್ತಿಟ್ಟಿದ್ದ ದುಡ್ಡು ಅದು.

ಈ ಕಡಿತ ತಪ್ಪಿಸಬೇಕಾದ ಜಾಗ ಕಾಟಾ ಅಲ್ಲ, ಅದಕ್ಕೂ ಹಿಂದಿನದು. ಕಾಟಾದ ಹತ್ತಿರ ಎಷ್ಟು ಜೋರಾಗಿ ಮಾತಾಡಿದರೂ ಮಾಲು ಇಳಿಸಿ ಕೂತವನ ಬಲ ಕಡಿಮೆಯೇ. ಮಾಲಿನ ಗುಣ ಏನೆಂಬುದು ಟೆಂಡರಿಗೆ ಮುಂಚೆಯೇ ಇಬ್ಬರೂ ನಂಬುವ ಹಾಗೆ ಬರಹದಲ್ಲಿ ಇದ್ದರೆ ಆಮೇಲಿನ ಮಾತಿಗೆ ಆಧಾರವೇ ಉಳಿಯುವುದಿಲ್ಲ.

ಕಾನೂನು ಏನನ್ನುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಂಜಿನಲ್ಲಿ, ಅಂದರೆ ಎಪಿಎಂಸಿ ಅಂಗಳದಲ್ಲಿ, ಇದನ್ನು ಯಾರೂ ಹೇಳಿಕೊಡುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮು ಹರಾಜಿಗೇ ಮೀಸಲು. ಸುತ್ತಿಗೆ ಬಡಿದಾಗ, ಅಥವಾ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಮುಗಿಯಿತೆಂದು ಸಾರಿದಾಗ, ಮಾರಾಟ ಪೂರ್ಣವಾಗುತ್ತದೆ. ಅಲ್ಲಿಯವರೆಗೆ ಕೂಗಿದವರು ಹಿಂದೆ ಸರಿಯಬಹುದು, ಆಮೇಲೆ ಸರಿಯುವಂತಿಲ್ಲ. ಗಂಜಿನಲ್ಲಿ ಸುತ್ತಿಗೆಯ ಜಾಗದಲ್ಲಿ ಕಂಪ್ಯೂಟರಿನ ಘೋಷಣೆ ಮತ್ತು ರೈತರ ಒಪ್ಪಿಗೆ ಇವೆ. ಒಪ್ಪಿಗೆ ಆದ ಮೇಲೆ ಧಾರಣೆ ಇಳಿಸಿ ಎನ್ನುವುದು ಹೊಸ ವ್ಯಾಪಾರ ಕುದುರಿಸುವ ಮಾತು. ಅದಕ್ಕೆ ಒಪ್ಪಲೇಬೇಕೆಂಬ ಕಟ್ಟುಪಾಡು ರೈತರಿಗಿಲ್ಲ.

ಅದೇ ಕಾಯ್ದೆಯ 16ನೇ ಕಲಮು ಮಾಲು ಮಾರಾಟಯೋಗ್ಯವಾಗಿರಬೇಕು ಎನ್ನುತ್ತದೆ. ಅದರ ಬೆನ್ನಿಗೇ, ಖರೀದಿದಾರ ಪರೀಕ್ಷಿಸಿ ಕೊಂಡಿದ್ದರೆ ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷವನ್ನು ಆಮೇಲೆ ಎತ್ತುವಂತಿಲ್ಲ ಎಂದೂ ಹೇಳುತ್ತದೆ. ಬೆಳಿಗ್ಗೆ ಕೈಯಲ್ಲಿ ಹಿಡಿದು, ಬಾಯಲ್ಲಿ ಕಡಿದು ನೋಡಿ ಹೋದವರು ಸಂಜೆ "ಕಾಳು ಸಣ್ಣ ಅದ" ಎಂದರೆ ಆ ಮಾತು ನಿಲ್ಲದು. ತಳದಲ್ಲಿ ಹಸಿ ಮಾಲು, ಮೇಲೆ ಒಣ ಮಾಲು ಹಾಕಿದ್ದರೆ ವಿಷಯ ಬೇರೆಯಾಗುತ್ತದೆ. ಮಾದರಿ ನೋಡಿ ಕೊಂಡ ಮಾಲಿನ ಇಡೀ ರಾಶಿ ಮಾದರಿಯಂತೆಯೇ ಇರಬೇಕು ಎಂಬುದು 17ನೇ ಕಲಮು. ಅಂಥ ಕಡೆ ಖರೀದಿದಾರರ ತಕರಾರು ನ್ಯಾಯವಾದದ್ದು, ರೈತರು ಅದನ್ನು ಒಪ್ಪಲೇಬೇಕು. ಒಂದು ಊರಿನ ನಾಲ್ಕು ಗಾಡಿಯಲ್ಲಿ ಒಂದರ ತಳದಲ್ಲಿ ಮಣ್ಣು ಸಿಕ್ಕರೆ ಉಳಿದ ಮೂರಕ್ಕೂ ಆ ದಿನ ಬೆಲೆ ಬೀಳುತ್ತದೆ ಎಂಬುದನ್ನು ಗಂಜಿಗೆ ಹೋದವರೆಲ್ಲ ಬಲ್ಲರು.

ಟೆಂಡರ್ ಹಿಡಿದವರು ಮಾಲು ಎತ್ತಲೇ ಇಲ್ಲ ಎಂದಾದರೆ 56ನೇ ಕಲಮಿನಡಿ ನಷ್ಟ ಕೇಳಬಹುದು. 54ನೇ ಕಲಮಿನಡಿ ನೋಟಿಸು ಕೊಟ್ಟು ಬೇರೆಯವರಿಗೆ ಮಾರಿ, ಕಡಿಮೆ ಬಂದಷ್ಟನ್ನು ಮೊದಲಿನವರಿಂದ ವಸೂಲು ಮಾಡಬಹುದು. ಹಣ ಮತ್ತು ಮಾಲು ಒಟ್ಟೊಟ್ಟಿಗೆ ಕೈಬದಲಾಗಬೇಕು, ಬೇರೆ ಮಾತಾಗಿಲ್ಲದಿದ್ದರೆ ಇದು 32ನೇ ಕಲಮಿನ ನಿಯಮ. ಹಣ ಬಾರದ ತನಕ ಮಾಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು 47ನೇ ಕಲಮಿನಲ್ಲಿದೆ. ಇವಿಷ್ಟನ್ನೂ ಹಿಡಿದು ಸಿವಿಲ್ ಕೋರ್ಟಿಗೆ ಹೋಗಿ ಎಂದು ನಾನು ಯಾರಿಗೂ ಹೇಳಲಾರೆ. 3,200 ರೂಪಾಯಿಗೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಇಂಥ ಜಗಳವನ್ನು ಅಂಗಳದಲ್ಲೇ ಬಗೆಹರಿಸುವುದು 1966ರ ಎಪಿಎಂಸಿ ಕಾಯ್ದೆಯಡಿ ಮಾರುಕಟ್ಟೆ ಸಮಿತಿಯ ಕರ್ತವ್ಯ. ಸಮಿತಿಯ ಕಾರ್ಯದರ್ಶಿಗೆ ಬರಹದಲ್ಲಿ ದೂರು ಕೊಡುವಾಗ ಈ ಕಲಮುಗಳ ನಂಬರು ಬರೆದರೆ ಆ ಅರ್ಜಿಯ ತೂಕ ಹೆಚ್ಚುತ್ತದೆ.

ಹೊರಗಿನ ಪ್ರಪಂಚದ ಒಂದು ಪ್ರಸಂಗ ಇಲ್ಲಿ ಸಹಾಯಕ್ಕೆ ಬರುತ್ತದೆ. 1995ರಲ್ಲಿ ಅಮೆರಿಕದಲ್ಲಿ ಪಿಯರ್ ಒಮಿಡ್ಯಾರ್ ತಮ್ಮ ಹರಾಜು ತಾಣ ತೆರೆದಾಗ, ಮುಂದೆ ಇಬೇ ಎಂದು ಹೆಸರಾದದ್ದು ಅದೇ, ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಬೆಲೆ 14.83 ಡಾಲರ್. ಅದು ಕೆಟ್ಟಿದೆ ಎಂಬುದು ಗೊತ್ತಲ್ಲವೇ ಎಂದು ಒಮಿಡ್ಯಾರ್ ಕೊಂಡವರನ್ನು ಕೇಳಿದರು. ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಸಂಗ್ರಹಿಸುವವನು ನಾನು ಎಂಬ ಉತ್ತರ ಬಂತು. ದೋಷವನ್ನು ಮೊದಲೇ ಹೇಳಿದ್ದರಿಂದ ಆ ಮಾರಾಟದಲ್ಲಿ ತಕರಾರಿಗೆ ಎಡೆ ಇರಲಿಲ್ಲ. ವ್ಯಾಪಾರ ಬೆಳೆದ ಮೇಲೆ ಎಲ್ಲ ಮಾರಾಟವೂ ಹೀಗೆ ಇರಲಿಲ್ಲ. ಕೊಂಡವರು ಮತ್ತು ಮಾರಿದವರ ಜಗಳ ಬಗೆಹರಿಸಲು ಇಬೇ ದೊಡ್ಡದೊಂದು ವ್ಯವಸ್ಥೆಯನ್ನೇ ಕಟ್ಟಬೇಕಾಯಿತು. 2004ರಲ್ಲಿ ಬಾಜೀ ಡಾಟ್ ಕಾಮ್ ಎಂಬ ತಾಣವನ್ನು ಕೊಂಡು ಭಾರತಕ್ಕೆ ಬಂದ ಇಬೇಯಲ್ಲಿ ಪೈಸಾಪೇ ಎಂಬ ಪಾವತಿ ಕ್ರಮ ಇತ್ತು. ಕೊಂಡವರ ಹಣ ನಡುವೆ ನಿಂತಿದ್ದು, ಮಾಲು ತಲುಪಿದ ಮೇಲೆ ಮಾರಿದವರಿಗೆ ಹೋಗುತ್ತಿತ್ತು. ಗಂಜಿನಲ್ಲಿ ಇಂಥ ವ್ಯವಸ್ಥೆ ಇಲ್ಲ. ಆ ಜಾಗದಲ್ಲಿ ದಲಾಲರಿದ್ದಾರೆ. ಅವರು ರೈತರಿಗೆ ಮುಂಗಡ ಕೊಟ್ಟವರೂ ಹೌದು, ಖರೀದಿದಾರರ ಜೊತೆ ವರ್ಷವಿಡೀ ವ್ಯವಹಾರ ಇಟ್ಟುಕೊಂಡವರೂ ಹೌದು.

ನಮ್ಮ ರಾಜ್ಯದ ಈ ವೇದಿಕೆಯಿಂದ ರೈತರಿಗೆ ಏನು ಸಿಕ್ಕಿತು ಎಂಬುದನ್ನು ಲೆಕ್ಕ ಹಾಕಿದ ಸಂಶೋಧನೆ 2020ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭತ್ತದ ಧಾರಣೆ ಶೇ 5.1, ಶೇಂಗಾದ್ದು ಶೇ 3.6, ಮೆಕ್ಕೆಜೋಳದ್ದು ಶೇ 3.5 ಏರಿತ್ತು. ಒಳ್ಳೆಯ ಗುಣಮಟ್ಟದ ಮಾಲು ತಂದವರಿಗೆ ಲಾಭ ಇನ್ನೂ ಹೆಚ್ಚು. ಹತ್ತಿ, ಹೆಸರು, ತೊಗರಿಯ ಧಾರಣೆಯಲ್ಲಿ ಮಾತ್ರ ಗಣನೆಗೆ ಬರುವಂಥ ಬದಲಾವಣೆ ಕಾಣಲಿಲ್ಲ. ಈ ಮೂರು ಬೆಳೆಯ ಹೆಸರು ಓದಿದಾಗ ನನಗೆ ಸಂಕಟವಾಯಿತು. ನಾರಾಯಣಪುರದ ಕಾಲುವೆ ನೀರು ಹರಿಯುವ ಶಹಾಪುರ, ಸುರಪುರದ ಗದ್ದೆಗಳನ್ನು ಬಿಟ್ಟರೆ ಯಾದಗಿರಿ ಜಿಲ್ಲೆಯ ಒಣಭೂಮಿ ನಿಂತಿರುವುದು ಈ ಮೂರು ಬೆಳೆಯ ಮೇಲೆ. ಗುಣಮಟ್ಟ ಪರೀಕ್ಷೆಯ ಕೊರತೆ, ಸಾಗಣೆಯ ಅಡಚಣೆ, ಕೊಳ್ಳುವವರು ಕೆಲವರೇ ಇರುವುದು, ಇಂಥ ಸಂಗತಿಗಳು ಬೆಳೆಯಿಂದ ಬೆಳೆಗೆ ವ್ಯತ್ಯಾಸ ತಂದಿರಬಹುದು ಎಂದು ಆ ಸಂಶೋಧಕರು ಚರ್ಚಿಸುತ್ತಾರೆ.

ನನಗೆ ಇವುಗಳಲ್ಲಿ ಮೊದಲನೆಯದೇ, ಗುಣಮಟ್ಟ ಪರೀಕ್ಷೆಯ ಕೊರತೆಯೇ, ಮುಖ್ಯ. ಬಳಸಿದ ಕಾರುಗಳ ವ್ಯಾಪಾರವನ್ನು ಉದಾಹರಿಸಿ ಜಾರ್ಜ್ ಅಕರ್ಲೋಫ್ 1970ರಲ್ಲಿ ಬರೆದ ಪ್ರಬಂಧ ಇದೇ ಮಾತನ್ನು ಹೇಳಿತ್ತು, ಅವರಿಗೆ 2001ರಲ್ಲಿ ನೊಬೆಲ್ ಬಂತು. ಮಾಲಿನೊಳಗೆ ಏನಿದೆ ಎಂದು ಕೊಳ್ಳುವವರಿಗೆ ಖಾತ್ರಿ ಇಲ್ಲದಿದ್ದರೆ ಅವರು ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಡುವಿನ ಬೆಲೆ ಕಟ್ಟುತ್ತಾರೆ. ಕಷ್ಟಪಟ್ಟು ಒಳ್ಳೆಯ ಮಾಲು ತಂದವರು ಅದರಲ್ಲಿ ಸೋಲುತ್ತಾರೆ. ಯಾದಗಿರಿಯ ವ್ಯಾಪಾರಿ ಧಾರಣೆ ಬರೆಯುವಾಗಲೇ ಮುಂದಿನ ತಕರಾರಿನ ಖರ್ಚನ್ನು ಅದರೊಳಗೆ ಹಿಡಿದಿರುತ್ತಾನೆ. ಆಮೇಲೆ ಕಾಟಾದಲ್ಲಿ ಮತ್ತೊಮ್ಮೆ ಹಿಡಿಯುತ್ತಾನೆ. ರೈತ ಒಂದೇ ಅನುಮಾನಕ್ಕೆ ಎರಡು ಸಲ ತೆತ್ತಂತಾಯಿತು.

ಒಂದೊಂದು ಬೆಳೆಯ ಜಗಳವೂ ಬೇರೆ. ಹೆಸರು ಕೊಯ್ಲಿಗೆ ಬರುವುದು ಮಳೆಗಾಲದ ನಡುವೆ. ಎರಡು ದಿನ ಜಿಟಿಜಿಟಿ ಮಳೆ ಹಿಡಿದರೆ ಕಾಳಿನ ಬಣ್ಣ ಹೋಗುತ್ತದೆ, ಮೊಳಕೆ ಒಡೆಯುತ್ತದೆ. ಕಣ್ಣಿಗೆ ಕಾಣುವ ದೋಷ ಇದು. ಬಣ್ಣಗೆಟ್ಟ ಮಾಲನ್ನು ಒಳ್ಳೆಯದರಲ್ಲಿ ಬೆರೆಸಿದವರು ಎರಡಕ್ಕೂ ಕೆಟ್ಟದ್ದರ ಧಾರಣೆಯನ್ನೇ ಪಡೆಯುತ್ತಾರೆ. ಬೇರೆ ಚೀಲ ಮಾಡಿ ಬೇರೆ ಲಾಟ್ ಬರೆಸುವುದೇ ಮೇಲು. ತೊಗರಿಯಲ್ಲಿ ಜಗಳ ಬರುವುದು ಜೊಳ್ಳು ಕಾಳು, ಹುಳ ಕೊರೆದ ಕಾಳು, ಮಷಿನ್ನಿನಲ್ಲಿ ಒಡೆದ ಬೇಳೆ, ಮಣ್ಣಿನ ಹೆಂಟೆಯ ಮೇಲೆ. ಇವಕ್ಕೆ ಜರಡಿ ಸಾಕು. ಊರಲ್ಲೇ ಸಾಣಿಸಿ ತಂದವರು ಅರ್ಧ ದಿನದ ಕೂಲಿ ಖರ್ಚು ಮಾಡಿ ಕಾಟಾದ ಹತ್ತಿರದ ಮಾತನ್ನು ತಪ್ಪಿಸುತ್ತಾರೆ.

ಹತ್ತಿ ಮಾತ್ರ ಕಷ್ಟದ್ದು. ಮೊದಲ ಸಲ ಬಿಡಿಸಿದ ಹತ್ತಿಗೂ ಮೂರನೆಯ ಸಲದ್ದಕ್ಕೂ ಎಳೆಯ ಉದ್ದ ಬೇರೆ, ಬಣ್ಣ ಬೇರೆ. ಬೆಳಗಿನ ಮಂಜಿನಲ್ಲಿ ಬಿಡಿಸಿದ್ದು ತೂಗುತ್ತದೆ, ಆದರೆ ಅಂಡಿಗೆಯೊಳಗೆ ಬಿಸಿಯಾಗಿ ಹಳದಿಗೆ ತಿರುಗುತ್ತದೆ. ಗಂಜಿಗೇ ಬಾರದೆ ಹಳ್ಳಿಯಲ್ಲೇ ದಲಾಲರ ಕೈಗೆ ಹೋಗುವ ಹತ್ತಿ ಬೇಕಾದಷ್ಟಿದೆ. ಅಲ್ಲಿ ಟೆಂಡರೂ ಇಲ್ಲ, ಲಾಟ್ ನಂಬರೂ ಇಲ್ಲ, ತಕರಾರು ಕೇಳುವವರೂ ಇಲ್ಲ.

ಹತ್ತಿಯಲ್ಲಿ ಜಗಳವನ್ನು ಹೇಗೆ ತಪ್ಪಿಸಬಹುದು ಎಂಬುದಕ್ಕೆ ಭಾರತೀಯ ಹತ್ತಿ ನಿಗಮದ ಖರೀದಿಯಲ್ಲಿ ಒಂದು ದಾರಿ ಕಾಣುತ್ತದೆ. ತೇವಾಂಶ ಶೇ 8ರೊಳಗಿದ್ದರೆ ಪೂರ್ತಿ ಬೆಂಬಲ ಬೆಲೆ. ಶೇ 8ರಿಂದ 12ರವರೆಗೆ ಪ್ರಮಾಣಕ್ಕೆ ತಕ್ಕ ಕಡಿತ. ಶೇ 12 ದಾಟಿದರೆ ಕೊಳ್ಳುವುದಿಲ್ಲ. 2025-26ರಲ್ಲಿ ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ. ತೇವಾಂಶ ಶೇ 10 ಬಂದರೆ ಶೇ 2 ಕಳೆದು ಸುಮಾರು 7,948 ರೂಪಾಯಿ ಎಂದು ರೈತರೇ ಮನೆಯಲ್ಲಿ ಲೆಕ್ಕ ಹಾಕಬಹುದು. ನಿಗಮದ ಖರೀದಿ ಕೇಂದ್ರಗಳ ಮುಂದೆ ಗಾಡಿಗಳ ಸಾಲು, ದಿನ ನಿಗದಿಯ ತೊಂದರೆ, ದೂರುಗಳು ಇವೆ. ಹಾಗಿದ್ದರೂ ಕಡಿತದ ಪ್ರಮಾಣ ಮೊದಲೇ ಬರೆದಿರುವುದು ದೊಡ್ಡ ಸಂಗತಿ. ಖಾಸಗಿ ಟೆಂಡರಿಗೂ ಇಂಥದೊಂದು ಪಟ್ಟಿಯನ್ನು ಮಾರುಕಟ್ಟೆ ಸಮಿತಿ ಗೋಡೆಯ ಮೇಲೆ ಬರೆಸಲಿ. ತೇವಾಂಶ ಮಾಪಕ ಖರೀದಿದಾರರ ಕಿಸೆಯಿಂದ ಹೊರಬರುವ ಬದಲು ಸಮಿತಿಯ ಮೇಜಿನ ಮೇಲಿರಲಿ.

ಬಿಳಿ ಚೀಟಿಯ ಮಾತಿಗೆ ಬರೋಣ. ಅಧಿಕೃತ ಬಿಲ್ಲಿನ ಬದಲು ಒಂದು ತುಂಡು ಕಾಗದದ ಮೇಲೆ ತೂಕ, ಧಾರಣೆ, ಕಡಿತ ಗೀಚಿ ಕೊಡುವ ಈ ರೂಢಿಯನ್ನು ನಿಲ್ಲಿಸದೆ ಬೇರೆ ಯಾವ ಸುಧಾರಣೆಯೂ ಹಿಡಿತಕ್ಕೆ ಬಾರದು. ದಲಾಲಿ ಖರೀದಿದಾರರು ಕೊಡಬೇಕಾದದ್ದು, ರೈತರ ಹಣದಲ್ಲಿ ಹಿಡಿಯುವಂತಿಲ್ಲ. ಬಿಳಿ ಚೀಟಿಯಲ್ಲಿ ಅದನ್ನು ಹಿಡಿದರೂ ಕೇಳಲು ಪುರಾವೆ ಇರುವುದಿಲ್ಲ. ತಕರಾರು ನಾಳೆ ಸಮಿತಿಯ ಮುಂದೆ ಹೋದಾಗ ಲಾಟ್ ನಂಬರ್, ಟೆಂಡರ್ ಧಾರಣೆ, ನಿವ್ವಳ ತೂಕ ಮೂರೂ ಇರುವ ಬಿಲ್ಲು ರೈತರ ಕೈಯಲ್ಲಿ ಇರಬೇಕು. ಧಾರಣೆಯ ಸಂದೇಶ ಬಂದ ಮೊಬೈಲಿನ ಪರದೆಯ ಚಿತ್ರ, ಕಾಟಾದ ಅಂಕಿ ತೋರುವ ಒಂದು ಫೋಟೊ ತೆಗೆದಿಟ್ಟುಕೊಂಡರೆ ಸಾಕ್ಷಿ ಗಟ್ಟಿಯಾಗುತ್ತದೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಗಂಜಿಗೆ ಒಂದು ದಿನ ಕರೆದುಕೊಂಡು ಬನ್ನಿ. ಈ ಕೆಲಸ ಅವರಿಗೆ ಸುಲಭ.

ಧಾರಣೆ ಒಪ್ಪದೆ ಬಿಡುವ ಹಕ್ಕಿದೆ ಎಂದೆ. ಆ ಹಕ್ಕನ್ನು ಎಷ್ಟು ಮಂದಿ ಬಳಸಬಲ್ಲರು? ಬೀಜಕ್ಕೆ, ಔಷಧಿಗೆ, ಮಗಳ ಮದುವೆಗೆ ಅದೇ ಅಡತ್ ಅಂಗಡಿಯಿಂದ ಮುಂಗಡ ತಂದವರು "ಈ ರೇಟಿಗೆ ಕೊಡಂಗಿಲ್ಲ ಸಾವ್ಕಾರ್ರೆ" ಎನ್ನಲಾರರು. ಮಾಲು ವಾಪಸ್ ಒಯ್ಯುವ ಬಾಡಿಗೆಯೂ ಅವರ ಮೈಮೇಲೇ. ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಅಡಮಾನ ಸಾಲ ಪಡೆಯುವ ವ್ಯವಸ್ಥೆ ಇಂಥವರಿಗಾಗಿಯೇ ಇದೆ. 2007ರ ಉಗ್ರಾಣ ಕಾಯ್ದೆ ಆ ರಸೀದಿಗೆ ಕಾನೂನಿನ ಬಲ ಕೊಟ್ಟಿತು, 2017ರಿಂದ ಅದು ವಿದ್ಯುನ್ಮಾನ ರೂಪದಲ್ಲೂ ಸಿಗುತ್ತಿದೆ. ಉಗ್ರಾಣಕ್ಕೆ ಹೋದ ಮಾಲಿನ ಗುಣಮಟ್ಟ ಮೊದಲೇ ಪರೀಕ್ಷೆಯಾಗಿ ರಸೀದಿಯಲ್ಲಿ ದಾಖಲಾಗುತ್ತದೆ. ತೊಗರಿಯಂಥ ಬೇಗ ಕೆಡದ ಕಾಳಿಗೆ ಇದು ಹೇಳಿ ಮಾಡಿಸಿದ ದಾರಿ. ಐದಾರು ರೈತರು ಸೇರಿ, ಅಥವಾ ಊರಿನ ರೈತ ಉತ್ಪಾದಕರ ಕಂಪನಿಯ ಮೂಲಕ ಹೋದರೆ ಸಾಗಣೆ ಖರ್ಚೂ ಹಂಚಿಹೋಗುತ್ತದೆ.

ಲಾರಿ ಹೊರಟ ಮೇಲೆ ಬರುವ ತಕರಾರು ಇನ್ನೊಂದು ಬಗೆಯದು. ಮಿಲ್ಲಿಗೆ ಮುಟ್ಟಿದ ನಂತರ ಮಾಲು ಸರಿಯಿಲ್ಲ, ಹಣದಲ್ಲಿ ಮುರಿಯುತ್ತೇವೆ ಎಂಬ ಫೋನು ಬರುತ್ತದೆ. ಮಾಲನ್ನು ಒಡೆದು, ಬೇಳೆ ಮಾಡಿ, ಇನ್ನೊಬ್ಬರಿಗೆ ಮಾರಿದವರು ಅದನ್ನು ಸ್ವೀಕರಿಸಿದಂತೆಯೇ ಎಂದು ಸರಕು ಮಾರಾಟ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಆಮೇಲೆ ಅವರು ಮಾಲು ತಿರಸ್ಕರಿಸುವಂತಿಲ್ಲ, ನಷ್ಟವಾಗಿದ್ದರೆ ಅದನ್ನು ಸಾಬೀತು ಮಾಡಿ ಅಷ್ಟು ಕೇಳಬಹುದು. ಸಾಬೀತು ಮಾಡುವ ಹೊಣೆ ಅವರದು. ಇಂಥ ಫೋನಿಗೆ ಬಾಯಿಮಾತಿನಲ್ಲಿ "ಆಯ್ತು ಬಿಡ್ರಿ" ಎನ್ನಬೇಡಿ. ಬರಹದಲ್ಲಿ ಕೊಡಿ, ಮಾದರಿ ಕಳಿಸಿ ಎನ್ನಿ. ಹಣ ನಿಜವಾಗಿಯೂ ವಾಪಸ್ ಕೊಡಬೇಕಾಗಿ ಬಂದರೆ ಯಾವ ಖಾತೆಯಿಂದ ಬಂತೋ ಅದೇ ಖಾತೆಗೆ ಬ್ಯಾಂಕಿನ ಮೂಲಕವೇ ಹೋಗಲಿ.

ಇದೇ ಎಚ್ಚರ ಬಳಸಿದ ಟ್ರ್ಯಾಕ್ಟರ್, ಮೊಬೈಲ್, ಎಮ್ಮೆಯನ್ನು ಆನ್‌ಲೈನಿನಲ್ಲಿ ಮಾರಾಟಕ್ಕಿಡುವ ಹುಡುಗರಿಗೂ ಬೇಕು. "ತಪ್ಪಿ ಹೆಚ್ಚು ಹಾಕಿದೀನಿ, ಉಳಿದದ್ದು ವಾಪಸ್ ಕಳಿಸಿ" ಎಂದು ಸುಳ್ಳು ಪಾವತಿಯ ಚಿತ್ರ ಕಳಿಸುವವರಿದ್ದಾರೆ. ಹಣ ನಿಮಗೆ ಬರಲು ಈ ಕ್ಯೂಆರ್ ಚೌಕ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುವವರಿದ್ದಾರೆ. ಹಣ ಪಡೆಯಲು ಪಿನ್ ಯಾವತ್ತೂ ಬೇಕಿಲ್ಲ. ಬ್ಯಾಂಕ್ ಖಾತೆಯಲ್ಲಿ ಮೊತ್ತ ಕಾಣುವ ತನಕ ಒಂದು ರೂಪಾಯಿಯೂ ವಾಪಸ್ ಹೋಗಕೂಡದು. ಮೋಸ ಹೋದರೆ ಆ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಬೇಕು, ತಡವಾದಷ್ಟೂ ಹಣ ಕೈತಪ್ಪುತ್ತದೆ.

ತೊಗರಿ ಬೇಳೆ, ಖಾರದಪುಡಿ, ಸುರಪುರ ಶೈಲಿಯ ಚಿತ್ರಗಳನ್ನು ನೇರವಾಗಿ ಗಿರಾಕಿಗಳಿಗೆ ಕಳಿಸುವವರ ಹೊಣೆ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಮರಳಿಸದಿರುವುದು ಅನುಚಿತ ವ್ಯಾಪಾರ. ಆದ್ದರಿಂದ ಬಿಲ್ಲಿನಲ್ಲಿ ಅವಧಿ ಬರೆಯುವುದನ್ನು ಮರೆಯಬಾರದು. ಕಟ್ಟು ಕಟ್ಟುವ ಮೊದಲು ಮಾಲಿನ ಫೋಟೊ ತೆಗೆದಿಡಬೇಕು.

ಮತ್ತೆ ಗಂಜಿನ ಮಾತು. ಯಾದಗಿರಿ, ಶಹಾಪುರ, ಸುರಪುರದ ಮಾರುಕಟ್ಟೆ ಸಮಿತಿಗಳನ್ನು ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಗೇಟಿನಿಂದ ಒಳಬಂದ ಪ್ರತಿ ಲಾಟಿನ ಮೇಲಿನಿಂದ, ನಡುವಿನಿಂದ, ತಳದಿಂದ ಬೊಗಸೆ ಬೊಗಸೆ ತೆಗೆದು ಬೆರೆಸಿ ತೇವಾಂಶ ಅಳೆಯಲಿ. ಕಸಕಡ್ಡಿ ಎಷ್ಟು, ಒಡೆದ ಕಾಳು ಎಷ್ಟು ಎಂದು ಚೀಟಿ ಬರೆದು ರಾಶಿಯ ಮೇಲೇ ಸಿಕ್ಕಿಸಲಿ. ಅದೇ ಅಂಕಿ ಟೆಂಡರಿನ ಪರದೆಯ ಮೇಲೂ ಕಾಣಲಿ. ಅದೇ ಮಾದರಿಯ ಎರಡು ಪೊಟ್ಟಣಗಳಿಗೆ ಲಾಟ್ ನಂಬರ್ ಬರೆದು ಮೊಹರು ಹಾಕಿ ಒಂದನ್ನು ರೈತರಿಗೆ ಕೊಟ್ಟು, ಇನ್ನೊಂದನ್ನು ಹಣ ಪಾವತಿಯಾಗುವವರೆಗೆ ಸಮಿತಿಯ ಕಪಾಟಿನಲ್ಲಿ ಇಡಲಿ. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮಾದರಿ ತೆಗೆಯುವುದನ್ನು ಹತ್ತಾರು ಯುವಕ ಯುವತಿಯರಿಗೆ ಕಲಿಸಲು ಇವೆರಡೇ ಸಾಕು. ಹೆಸರಿನ ಆವಕದಲ್ಲಿ ಒಂದು ಗಂಜಿನಲ್ಲಿ ಇದನ್ನು ಶುರು ಮಾಡಿದರೆ, ಡಿಸೆಂಬರಿನಲ್ಲಿ ಹೊಸ ತೊಗರಿ ಬರುವ ಹೊತ್ತಿಗೆ ಉಳಿದೆರಡು ಕಡೆಗೂ ಒಯ್ಯಬಹುದು.